ಸಂಸ್ಥೆಯ ಟಪಾಲು: ಲಿನಕ್ಸ್ ಗಣಕಯಂತ್ರದಲ್ಲಿ ಮೇಲ್ ಸರ್ವರಿನ ವ್ಯವಸ್ಥೆ

ಪತ್ರವ್ಯವಹಾರವು ಯಾವುದೇ ಶಿಕ್ಷಣಸಂಸ್ಥೆಯ ಜೀವನಾಡಿಯಾಗಿದೆ. ಕಟ್ಟಡಕ್ಕೆ ಕಲ್ಲು, ವರ್ಗಕ್ಕೆ ಶಿಕ್ಷಕರು, ಪ್ರಸಾದನಿಲಯಕ್ಕೆ ಧಾನ್ಯ ಇವೆಲ್ಲ ಒದಗಿಬಂದುದರ ಹಿಂದೆ ಯಾರೋ ಬರೆದ ಒಂದು ಪತ್ರ, ಅದಕ್ಕೆ ಯಾರೋ ಕೊಟ್ಟ ಒಂದು ಉತ್ತರ ಇದ್ದೇ ಇರುತ್ತದೆ. ಆದುದರಿಂದಲೇ ನಮ್ಮ ಭಾಗದ ಶಾಲೆಗಳ ಕಚೇರಿಗಳಲ್ಲಿ ಆವಕ-ಜಾವಕ ವಹಿಗೆ ಹಾಜರಿ ಪುಸ್ತಕದಷ್ಟೇ ಗೌರವ ಸಲ್ಲುತ್ತ ಬಂದಿದೆ. ಬಂದ ಪತ್ರಕ್ಕೆ ಒಂದು ಅಂಕಿ, ಹೋದ ಪತ್ರಕ್ಕೆ ಒಂದು ಅಂಕಿ. ಕಾರಕೂನರು ಬದಲಾದರೂ ಮುಖ್ಯಾಧ್ಯಾಪಕರು ನಿವೃತ್ತರಾದರೂ ವಹಿಯು ಕಪಾಟಿನಲ್ಲಿ ಉಳಿಯುತ್ತಿತ್ತು.

ಇಂದು ಸಂಸ್ಥೆಗಳ ಟಪಾಲಿನ ಬಹುಭಾಗವು ಇ-ಮೇಲ್ ಮೂಲಕವೇ ನಡೆಯುತ್ತದೆ. ಆದರೆ ಆ ಹಳೆಯ ಶಿಸ್ತು ಅದರೊಂದಿಗೆ ಬಂದಿದೆಯೆಂದು ಹೇಳುವಂತಿಲ್ಲ. ಎಷ್ಟೋ ಶಾಲೆಗಳ ಅಧಿಕೃತ ವಿಳಾಸವೆಂದರೆ ಯಾವನೋ ಉತ್ಸಾಹಿ ಶಿಕ್ಷಕನು ತನ್ನ ಹೆಸರಿನಲ್ಲಿ ತೆರೆದ ಉಚಿತ ಪೆಟ್ಟಿಗೆ. ಅವನು ಬೇರೆಡೆಗೆ ಹೋದನೆಂದರೆ ಹತ್ತು ವರ್ಷದ ಪತ್ರಗಳು ಅವನ ಗುಪ್ತಪದದೊಂದಿಗೆ ಹೊರಟುಹೋಗುತ್ತವೆ. ದೂರದೇಶದಲ್ಲಿರುವ ಮಾಜಿ ವಿದ್ಯಾರ್ಥಿಯು ದೇಣಿಗೆಯ ವಿಚಾರವಾಗಿ ಬರೆದ ಪತ್ರವನ್ನು ತೆರೆಯುವವರೇ ಇರುವುದಿಲ್ಲ. ಇದಕ್ಕಿಂತ ಕೇಡಿನ ಸಂಗತಿಯೆಂದರೆ, ಶಾಲೆಯ ಹೆಸರನ್ನು ಹೋಲುವ ವಿಳಾಸದಿಂದ ವಂಚಕನೊಬ್ಬನು ದೇಣಿಗೆ ಬೇಡಿದರೆ ನಿಜವಾವುದು ಸುಳ್ಳಾವುದು ಎಂದು ದಾನಿಗಳು ತಿಳಿಯಲು ದಾರಿಯೇ ಇರುವುದಿಲ್ಲ.

ಈ ತೊಂದರೆಗೆ ಪರಿಹಾರವಿದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯುಳ್ಳ ಒಂದು ಸಾಧಾರಣ ಗಣಕಯಂತ್ರದಲ್ಲಿ ಮೇಲ್ ಸರ್ವರಿನ ತಂತ್ರಾಂಶಗಳನ್ನು ಸ್ಥಾಪಿಸಿ, ಸಂಸ್ಥೆಯು ತನ್ನದೇ ಆದ ಟಪಾಲು ಕಚೇರಿಯನ್ನು ನಡೆಸಬಹುದು. ತಂತ್ರಾಂಶಕ್ಕೆ ಬೆಲೆಯಿಲ್ಲ, ಆದರೆ ಅದನ್ನು ಅಣಿಗೊಳಿಸುವ ಕೆಲಸಕ್ಕೆ ತಿಳಿವಳಿಕೆ ಬೇಕು. ಆ ತಿಳಿವಳಿಕೆಯ ಸ್ಥೂಲರೂಪವನ್ನು ತಂತ್ರಜ್ಞರಲ್ಲದ ವಾಚಕರಿಗೂ ನಿಲುಕುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದು ಗಣಕಕ್ಕೆ ಪತ್ರ ಕಳಿಸುವ ಪದ್ಧತಿಯನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಆರಂಭಿಸಿದರು. ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಇಂದು ಎಲ್ಲರೂ ಬಳಸುವ ‘ಆ್ಯಟ್’ ಚಿಹ್ನೆಯನ್ನು ಇರಿಸಿದವರೂ ಅವರೇ. 1982ರ ಆಗಸ್ಟ್ ತಿಂಗಳಲ್ಲಿ ಜಾನ್ ಪೋಸ್ಟೆಲ್ ಅವರು ‘ಎಸ್‌ಎಂಟಿಪಿ’ ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಎರಡು ಗಣಕಗಳು ಪತ್ರವನ್ನು ಪರಸ್ಪರ ಹಸ್ತಾಂತರಿಸುವಾಗ ಯಾವ ಮಾತನ್ನು ಯಾವ ಕ್ರಮದಲ್ಲಿ ಆಡಬೇಕೆಂಬುದನ್ನು ಅದು ಗೊತ್ತುಪಡಿಸುತ್ತದೆ. ಹಲವು ತಿದ್ದುಪಡಿಗಳೊಂದಿಗೆ ಆ ನಿಯಮವೇ ಇಂದಿಗೂ ನಡೆಯುತ್ತಿದೆ.

ಎರಿಕ್ ಆಲ್‌ಮನ್ ರಚಿಸಿದ ‘ಸೆಂಡ್‌ಮೇಲ್’ ಎಂಬ ತಂತ್ರಾಂಶವು ಬಹುಕಾಲ ಈ ಕ್ಷೇತ್ರವನ್ನು ಆಳಿತು. ಆದರೆ ಅದು ಎಲ್ಲ ಕೆಲಸವನ್ನೂ ಪೂರ್ಣಾಧಿಕಾರದಿಂದ ನಡೆಸುವ ಒಂದೇ ಬೃಹತ್ ಕಾರ್ಯಕ್ರಮವಾಗಿತ್ತು. 1988ರ ನವೆಂಬರ್ 2ರಂದು ಜಾಲದಲ್ಲಿ ಹಬ್ಬಿದ ‘ಮಾರಿಸ್ ಹುಳು’ವಿಗೆ ಒಳನುಗ್ಗಲು ಸಿಕ್ಕ ದಾರಿಗಳಲ್ಲಿ ಸೆಂಡ್‌ಮೇಲಿನ ಒಂದು ಲೋಪವೂ ಸೇರಿತ್ತು. ಇಂಥ ಅನುಭವಗಳಿಂದ ಪಾಠ ಕಲಿತು, ಐಬಿಎಂ ಸಂಶೋಧನಾಲಯದಲ್ಲಿದ್ದ ವೀಟ್ಸ ವೆನೆಮಾ ಅವರು ‘ಪೋಸ್ಟ್‌ಫಿಕ್ಸ್’ ಎಂಬ ತಂತ್ರಾಂಶವನ್ನು ರಚಿಸಿದರು. ಅದು 1998ರಲ್ಲಿ ಬಿಡುಗಡೆಯಾಯಿತು. ಇದರಲ್ಲಿ ಬಾಗಿಲಲ್ಲಿ ಪತ್ರ ಸ್ವೀಕರಿಸುವವನು ಬೇರೆ, ಸರದಿ ನೋಡುವವನು ಬೇರೆ, ಹೊರಗೆ ಒಯ್ಯುವವನು ಬೇರೆ. ಒಬ್ಬೊಬ್ಬನಿಗೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಒಬ್ಬನ ಕೈತಪ್ಪಿನಿಂದ ಇಡೀ ಕಚೇರಿ ಕೆಡದಿರಲೆಂಬುದು ಇದರ ತತ್ತ್ವ. ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜೆಲ್ 1995ರಲ್ಲಿ ಆರಂಭಿಸಿದ ‘ಎಕ್ಸಿಮ್’ ಕೂಡ ಇದೇ ಬಗೆಯ ಸೇವೆಗೆ ಪ್ರಸಿದ್ಧವಾಗಿದೆ. ಬಂದ ಪತ್ರಗಳನ್ನು ಓದುಗರಿಗೆ ತೋರಿಸುವ ‘ಡವ್‌ಕಾಟ್’ ತಂತ್ರಾಂಶವನ್ನು ಫಿನ್‌ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಹೊರತಂದರು. ಇವೆಲ್ಲಕ್ಕೂ ನೆಲೆಯಾದ ಲಿನಕ್ಸ್ 1991ರಲ್ಲಿ ಅದೇ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್‌ವಾಲ್ಡ್ಸ್ ಅವರ ಪ್ರಯತ್ನದಿಂದ ಹುಟ್ಟಿತೆಂಬುದು ಸುವಿದಿತ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತುದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲೇ ಮನೆಯ ಗಣಕದಿಂದ ದೂರವಾಣಿಯ ತಂತಿಯ ಮೂಲಕ ಪತ್ರ ವಿನಿಮಯ ಮಾಡಿಕೊಳ್ಳುವ ‘ಬುಲೆಟಿನ್ ಬೋರ್ಡ್’ಗಳು ಅಲ್ಲಲ್ಲಿ ಇದ್ದವು. ಬೆಂಗಳೂರಿನಲ್ಲಿ 1989ರಲ್ಲಿ ಅಂಥದೊಂದನ್ನು ನಡೆಸತೊಡಗಿದ ಅತುಲ್ ಚಿಟ್ನಿಸ್ ಅವರು ಬೆಳಗಾವಿಯಲ್ಲಿ ಬೆಳೆದು, ಇಲ್ಲಿಯ ಗೋಗಟೆ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಕಲಿತವರೆಂಬುದು ಈ ಭಾಗದವರು ನೆನೆಯಬೇಕಾದ ಸಂಗತಿ. 1990ರ ದಶಕದಲ್ಲಿ ‘ಪಿಸಿಕ್ವೆಸ್ಟ್’ ಪತ್ರಿಕೆಯ ಸಿ.ಡಿ.ಗಳ ಮೂಲಕ ಲಿನಕ್ಸನ್ನು ಸಾಮಾನ್ಯ ಓದುಗರಿಗೆ ತಲುಪಿಸುವುದರಲ್ಲಿ ಅವರ ಪಾತ್ರ ದೊಡ್ಡದು. 2001ರಲ್ಲಿ ಆರಂಭವಾಗಿ ಮುಂದೆ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆದ ಬೆಂಗಳೂರಿನ ಲಿನಕ್ಸ್ ಸಮ್ಮೇಳನಗಳ ಸಂಘಟಕರೂ ಅವರಾಗಿದ್ದರು. ಅವರು 2013ರಲ್ಲಿ ನಿಧನರಾದರು. ಲಿನಕ್ಸ್ ಎಂಬುದು ಎಲ್ಲೋ ಹೊರನಾಡಿನಲ್ಲಿ ಮಾತ್ರ ನಡೆಯುವ ವಿದ್ಯೆಯೆಂದು ಬೆಳಗಾವಿಯ ಶಾಲೆಗಳು ಅಳುಕಬೇಕಾದ ಕಾರಣವಿಲ್ಲ.

ಪತ್ರದ ಪ್ರಯಾಣ

ಕಾಗದದ ಪತ್ರದ ಮೇಲೆ 590001 ಎಂದು ಬರೆದರೆ ಅದು ಬೆಳಗಾವಿಯ ಪ್ರಧಾನ ಅಂಚೆ ಕಚೇರಿಗೂ, 591302 ಎಂದು ಬರೆದರೆ ಖಾನಾಪುರಕ್ಕೂ ಹೋಗಿ ಸೇರುವುದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡಿನ ಆರು ಅಂಕಿಗಳು ಊರಿನ ಹೆಸರಿನ ಗೊಂದಲವನ್ನು ನಿವಾರಿಸಿದವು. ಇ-ಮೇಲಿನ ಲೋಕದಲ್ಲಿ ಈ ಕೆಲಸವನ್ನು ‘ಡಿಎನ್‌ಎಸ್’ ಎಂಬ ವಿಶ್ವವ್ಯಾಪಿ ಹೆಸರಿನ ಪಟ್ಟಿ ಮಾಡುತ್ತದೆ. ಪ್ರತಿಯೊಂದು ಸಂಸ್ಥೆಯ ಜಾಲನಾಮದ ಮುಂದೆಯೂ ಆ ಪಟ್ಟಿಯಲ್ಲಿ ‘ಎಂಎಕ್ಸ್’ ಎಂಬ ದಾಖಲೆಯೊಂದಿರುತ್ತದೆ. ಈ ಸಂಸ್ಥೆಯ ಟಪಾಲನ್ನು ಇಂಥ ಯಂತ್ರಕ್ಕೆ ಮುಟ್ಟಿಸತಕ್ಕದ್ದು ಎಂಬುದೇ ಆ ದಾಖಲೆಯ ತಾತ್ಪರ್ಯ.

ಕಳಿಸುವ ಸರ್ವರು ಆ ದಾಖಲೆಯನ್ನು ನೋಡಿಕೊಂಡು, ಪಡೆಯುವ ಸರ್ವರಿನ 25ನೆಯ ಸಂಖ್ಯೆಯ ಬಾಗಿಲನ್ನು ತಟ್ಟುತ್ತದೆ. ಮೊದಲು ತನ್ನ ಹೆಸರು ಹೇಳುತ್ತದೆ. ಅನಂತರ ಪತ್ರ ಯಾರಿಂದ, ಯಾರಿಗೆ ಎಂಬುದನ್ನು ತಿಳಿಸುತ್ತದೆ. ಕೊನೆಗೆ ಪತ್ರವನ್ನು ಒಪ್ಪಿಸುತ್ತದೆ. ಪ್ರತಿಯೊಂದು ಮಾತಿಗೂ ಎದುರಿನ ಸರ್ವರು ಮೂರಂಕಿಯ ಉತ್ತರ ಕೊಡುತ್ತದೆ. ಉತ್ತರವು 2ರಿಂದ ಆರಂಭವಾದರೆ ‘ಒಪ್ಪಿದೆ’ ಎಂದರ್ಥ. 4ರಿಂದ ಆರಂಭವಾದರೆ ‘ಈಗ ಆಗದು, ಮತ್ತೆ ಬಾ’ ಎಂದರ್ಥ. 5ರಿಂದ ಆರಂಭವಾದರೆ ‘ಸ್ವೀಕರಿಸುವುದಿಲ್ಲ’ ಎಂಬ ಕಡ್ಡಿ ಮುರಿದಂಥ ನಿರಾಕರಣೆ. ಈ ಮೂರು ಅಂಕಿಗಳ ಅರ್ಥ ತಿಳಿದವನಿಗೆ ಟಪಾಲಿನ ಅರ್ಧ ರಹಸ್ಯ ತಿಳಿದಂತೆಯೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಕೋಟೆಯ ಮೇಲಿನ ವಿಳಾಸ ಬೇರೆ, ಒಳಗಿನ ಕಾಗದದಲ್ಲಿ ಬರೆದ ‘ಇಂದ’ ಎಂಬ ಹೆಸರು ಬೇರೆ. ಸರ್ವರುಗಳು ಮೊದಲನೆಯದನ್ನು ನೋಡಿ ಪತ್ರ ಸಾಗಿಸುತ್ತವೆ. ಓದುಗನಿಗೆ ಕಾಣುವುದು ಎರಡನೆಯದು. ಮೂಲ ನಿಯಮದಲ್ಲಿ ಇವೆರಡೂ ಹೊಂದಿಕೆಯಾಗಿರಬೇಕೆಂಬ ಕಟ್ಟುಪಾಡಿರಲಿಲ್ಲ. ಕಳ್ಳಪತ್ರಗಳೆಲ್ಲ ಹುಟ್ಟಿದುದು ಈ ಬಿರುಕಿನಿಂದಲೇ. ಅದಕ್ಕೆ ಕಂಡುಕೊಂಡ ಉಪಾಯವನ್ನು ಮುಂದೆ ನೋಡಬಹುದು.

ಸ್ಥಾಪನೆಯ ಐದು ಆಯ್ಕೆಗಳು

ಬೆಳಗಾವಿಯ ರಾಮತೀರ್ಥ ನಗರದಂಥ ಬಡಾವಣೆಯಲ್ಲಿ ಒಂದು ಶಾಲೆಯಿದೆ, ಅದರ ಕಚೇರಿಯಲ್ಲಿ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿದ ಒಂದು ಗಣಕವಿದೆ, ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕವಿದೆ ಎಂದು ಭಾವಿಸೋಣ. ಪೋಸ್ಟ್‌ಫಿಕ್ಸ್ ಪ್ಯಾಕೇಜನ್ನು ಸ್ಥಾಪಿಸಲು ‘ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಫಿಕ್ಸ್’ ಎಂಬ ಒಂದೇ ಆಜ್ಞೆ ಸಾಕು. ಆದರೆ ಸ್ಥಾಪನೆಯ ಮಧ್ಯದಲ್ಲಿ ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ: ಈ ಯಂತ್ರದ ಟಪಾಲು ಯಾವ ಬಗೆಯದು? ಉತ್ತರಕ್ಕೆ ಐದು ಆಯ್ಕೆಗಳಿರುತ್ತವೆ. ಇವುಗಳ ಅರ್ಥ ತಿಳಿಯದೆ ಗುಂಡಿ ಒತ್ತುವುದರಿಂದಲೇ ಅನೇಕರ ಪ್ರಯತ್ನ ಮೊದಲ ದಿನವೇ ನಿಂತುಹೋಗುತ್ತದೆ.

ಮೊದಲನೆಯದು, ಯಾವ ಹೊಂದಾಣಿಕೆಯನ್ನೂ ಮಾಡದೆ ಬಿಡುವುದು. ಇದು ಎಲ್ಲವನ್ನೂ ಕೈಯಾರೆ ಬರೆಯಬಲ್ಲ ನಿಪುಣರಿಗೆ. ಎರಡನೆಯದು ‘ಇಂಟರ್ನೆಟ್ ಸೈಟ್’: ಈ ಯಂತ್ರವು ಜಗತ್ತಿನ ಎಲ್ಲ ಸರ್ವರುಗಳೊಡನೆ ನೇರವಾಗಿ ಪತ್ರ ಕೊಟ್ಟು ತೆಗೆದುಕೊಳ್ಳುತ್ತದೆ. ಮೂರನೆಯದು ‘ಸ್ಮಾರ್ಟ್‌ಹೋಸ್ಟ್’ ಸಹಿತ ಇಂಟರ್ನೆಟ್: ಪತ್ರಗಳು ಈ ಯಂತ್ರಕ್ಕೆ ಬಂದರೂ, ಹೊರಗೆ ಹೋಗುವಾಗ ಒಂದು ನಂಬಿಗಸ್ತ ದೊಡ್ಡ ಸರ್ವರಿನ ಮೂಲಕವೇ ಹೋಗುತ್ತವೆ. ನಾಲ್ಕನೆಯದು ‘ಸ್ಯಾಟಲೈಟ್’: ಎಲ್ಲ ಪತ್ರಗಳನ್ನೂ ಬೇರೊಂದು ಯಂತ್ರಕ್ಕೆ ದಾಟಿಸುವುದಷ್ಟೇ ಕೆಲಸ, ಇಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಐದನೆಯದು ‘ಲೋಕಲ್ ಓನ್ಲಿ’: ಯಂತ್ರದೊಳಗಿನವರ ನಡುವಿನ ಟಪಾಲು ಮಾತ್ರ.

ಬಹುಜನರು ಎರಡನೆಯದನ್ನೇ ಆರಿಸುತ್ತಾರೆ, ಹೆಸರು ಆಕರ್ಷಕವಾಗಿದೆ. ಆದರೆ ಬಡಾವಣೆಯ ಬ್ರಾಡ್‌ಬ್ಯಾಂಡಿನಲ್ಲಿ ಅದು ಫಲಿಸುವುದು ವಿರಳ. ಇದಕ್ಕೆ ಮೂರು ಕಾರಣಗಳಿವೆ. ಮನೆಬಳಕೆಯ ಸಂಪರ್ಕದಲ್ಲಿ ಯಂತ್ರದ ಅಂಕಿವಿಳಾಸವು ಆಗಾಗ ಬದಲಾಗುತ್ತದೆ. ಕಳ್ಳಟಪಾಲಿನ ಹಾವಳಿಯಿಂದಾಗಿ ಅನೇಕ ಸಂಪರ್ಕದಾತರು 25ನೆಯ ಬಾಗಿಲನ್ನು ಮುಚ್ಚಿರುತ್ತಾರೆ. ಮೂರನೆಯದಾಗಿ, ಅಂಕಿವಿಳಾಸದಿಂದ ಹೆಸರನ್ನು ಹುಡುಕುವ ‘ಹಿಮ್ಮುಖ’ ದಾಖಲೆಯನ್ನು ಸಂಪರ್ಕದಾತರೇ ಬರೆಯಬೇಕು. ಅದು ಸರಿಯಿಲ್ಲದ ಯಂತ್ರದಿಂದ ಬಂದ ಪತ್ರವನ್ನು ದೊಡ್ಡ ಸರ್ವರುಗಳು ಅನುಮಾನದಿಂದಲೇ ನೋಡುತ್ತವೆ. ಆದುದರಿಂದ ಇಂಥ ಶಾಲೆಗೆ ಮೂರನೆಯ ಆಯ್ಕೆಯಾದ ಸ್ಮಾರ್ಟ್‌ಹೋಸ್ಟೇ ಹೊರಹೋಗುವ ಟಪಾಲಿಗೆ ಉಚಿತವಾದುದು. ಒಳಬರುವ ಟಪಾಲನ್ನೂ ನೇರವಾಗಿ ಪಡೆಯಬೇಕಾದರೆ ಸಂಪರ್ಕದಾತರಿಂದ ಸ್ಥಿರ ಅಂಕಿವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೆ ದತ್ತಾಂಶಕೇಂದ್ರವೊಂದರಲ್ಲಿ ಲಿನಕ್ಸ್ ಯಂತ್ರದ ಒಂದು ಪಾಲನ್ನು ಬಾಡಿಗೆಗೆ ಹಿಡಿಯಬೇಕು. ಮೊದಲು ಮಾಡಿದ ಆಯ್ಕೆ ತಪ್ಪೆನಿಸಿದರೆ ‘ಡಿಪಿಕೆಜಿ-ರೀಕಾನ್ಫಿಗರ್ ಪೋಸ್ಟ್‌ಫಿಕ್ಸ್’ ಎಂಬ ಆಜ್ಞೆಯಿಂದ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿಸಿಕೊಳ್ಳಬಹುದು.

ಬಾಗಿಲು ಕಾಯುವ ನಿಯಮಗಳು

ಪೋಸ್ಟ್‌ಫಿಕ್ಸಿನ ಮುಖ್ಯ ಸೆಟ್ಟಿಂಗುಗಳೆಲ್ಲ ‘ಮೇನ್ ಡಾಟ್ ಸಿಎಫ್’ ಎಂಬ ಒಂದೇ ಕಡತದಲ್ಲಿರುತ್ತವೆ. ಅದರಲ್ಲಿ ನೂರಾರು ಸಾಲುಗಳಿಗೆ ಅವಕಾಶವಿದ್ದರೂ ಅವಶ್ಯವಾಗಿ ಅರಿಯಬೇಕಾದವು ಕೆಲವೇ. ‘ಮೈಹೋಸ್ಟ್‌ನೇಮ್’ ಎಂಬುದು ಯಂತ್ರದ ಪೂರ್ಣ ಹೆಸರು. ‘ಮೈಡೆಸ್ಟಿನೇಶನ್’ ಎಂಬುದು ಯಾವ ಯಾವ ಜಾಲನಾಮಗಳ ಪತ್ರಗಳನ್ನು ತನ್ನದೆಂದು ಇಟ್ಟುಕೊಳ್ಳಬೇಕೆಂಬ ಪಟ್ಟಿ. ಇದರಲ್ಲಿ ಸಂಸ್ಥೆಯ ಜಾಲನಾಮ ಬಿಟ್ಟುಹೋದರೆ ಮನೆಯ ಮುಂದೆ ಬಂದ ಟಪಾಲು ಒಳಗೆ ಬಾರದೆ ತಿರುಗಿಹೋಗುವುದು. ‘ರಿಲೇಹೋಸ್ಟ್’ ಎಂಬಲ್ಲಿ ಸ್ಮಾರ್ಟ್‌ಹೋಸ್ಟಿನ ಹೆಸರು ಬರೆಯಬೇಕು.

ಎಲ್ಲಕ್ಕಿಂತ ಎಚ್ಚರದಿಂದ ಬರೆಯಬೇಕಾದುದು ‘ಮೈನೆಟ್‌ವರ್ಕ್ಸ್’. ಯಾವ ಗಣಕಗಳಿಂದ ಬಂದ ಪತ್ರವನ್ನು ಗುಪ್ತಪದ ಕೇಳದೆ ಹೊರಜಗತ್ತಿಗೆ ಸಾಗಿಸಬೇಕೆಂಬುದನ್ನು ಇದು ಹೇಳುತ್ತದೆ. ಇಲ್ಲಿ ಉದಾರವಾಗಿ ಎಲ್ಲರಿಗೂ ಬಾಗಿಲು ತೆರೆದಿಟ್ಟರೆ ಆ ಸರ್ವರು ‘ಓಪನ್ ರಿಲೇ’ ಎನಿಸುತ್ತದೆ. ಜಗತ್ತಿನ ಯಾವ ಮೂಲೆಯ ವಂಚಕನಾದರೂ ಶಾಲೆಯ ಯಂತ್ರದಿಂದ ಲಕ್ಷಗಟ್ಟಲೆ ಕಳ್ಳಪತ್ರಗಳನ್ನು ಕಳಿಸಬಲ್ಲನು. ಸ್ವಲ್ಪ ಸಮಯದಲ್ಲೇ ಶಾಲೆಯ ಅಂಕಿವಿಳಾಸವು ಕಪ್ಪುಪಟ್ಟಿಗೆ ಸೇರಿ, ಮುಖ್ಯಾಧ್ಯಾಪಕರು ಬರೆದ ನಿಜಪತ್ರವನ್ನೂ ಯಾರೂ ಸ್ವೀಕರಿಸದಂತಾಗುವುದು. ದಾಸೋಹದ ಮನೆಯ ಬಾಗಿಲು ಸದಾ ತೆರೆದಿರುವುದು ಭೂಷಣ. ಟಪಾಲು ಯಂತ್ರದ ಬಾಗಿಲು ಹಾಗಿರುವುದು ಅನರ್ಥಕ್ಕೆ ಮೂಲ. ಪೋಸ್ಟ್‌ಫಿಕ್ಸ್ ತಾನಾಗಿ ಪರಕೀಯರ ಪತ್ರಗಳನ್ನು ಸಾಗಿಸುವುದಿಲ್ಲ. ಕಟ್ಟುನಿಟ್ಟು ಬೇಡವೆಂದು ಅವಸರದಲ್ಲಿ ಸಡಿಲಿಸುವವರು ಮನುಷ್ಯರೇ. ಮನೆಯಿಂದ ಕೆಲಸ ಮಾಡುವ ಶಿಕ್ಷಕರು 587 ಅಥವಾ 465ನೆಯ ಬಾಗಿಲಿನಿಂದ ತಮ್ಮ ಹೆಸರು, ಗುಪ್ತಪದ ಕೊಟ್ಟು ಪತ್ರ ಕಳಿಸುವಂತೆ ಮಾಡುವುದೇ ಸರಿಯಾದ ಕ್ರಮ. ಈ ಗುಪ್ತಪದದ ಪರೀಕ್ಷೆಯನ್ನು ಪೋಸ್ಟ್‌ಫಿಕ್ಸು ಡವ್‌ಕಾಟಿಗೆ ಒಪ್ಪಿಸಬಹುದು.

ಹುದ್ದೆಗೆ ವಿಳಾಸ, ವ್ಯಕ್ತಿಗಲ್ಲ

‘ಏಲಿಯಾಸಸ್’ ಎಂಬ ಇನ್ನೊಂದು ಚಿಕ್ಕ ಕಡತವಿದೆ. ತಾಂತ್ರಿಕವಾಗಿ ಇದು ಅತಿ ಸರಳ. ಸಂಸ್ಥೆಯ ದೃಷ್ಟಿಯಿಂದ ಇದರಷ್ಟು ಬೆಲೆಯುಳ್ಳದ್ದು ಬೇರೊಂದಿಲ್ಲ. ಎಡಗಡೆ ಹುದ್ದೆಯ ಹೆಸರು, ಬಲಗಡೆ ಆ ಹುದ್ದೆಯಲ್ಲಿ ಸದ್ಯಕ್ಕಿರುವವರ ಪೆಟ್ಟಿಗೆ. ಮುಖ್ಯಾಧ್ಯಾಪಕ, ಕಾರ್ಯದರ್ಶಿ, ಪ್ರವೇಶ ವಿಭಾಗ, ದೇಣಿಗೆ ವಿಭಾಗ, ಮಾಜಿ ವಿದ್ಯಾರ್ಥಿ ಸಂಘ ಇವು ಎಡಗಡೆಯ ಹೆಸರುಗಳು. ಮೇ ತಿಂಗಳಲ್ಲಿ ಮುಖ್ಯಾಧ್ಯಾಪಕರು ನಿವೃತ್ತರಾದರೆ ಬಲಗಡೆಯ ಒಂದು ಹೆಸರನ್ನು ಬದಲಿಸಿ ‘ನ್ಯೂಏಲಿಯಾಸಸ್’ ಎಂಬ ಆಜ್ಞೆ ಕೊಟ್ಟರಾಯಿತು. ಹೊರಗಿನವರು ಬರೆಯುವ ವಿಳಾಸ ಬದಲಾಗದು. ಇಪ್ಪತ್ತು ವರ್ಷದ ಹಿಂದೆ ಶಾಲೆ ಬಿಟ್ಟವನು ಬರೆದ ಪತ್ರವೂ ಇಂದಿನ ಹುದ್ದೆದಾರರ ಕೈಸೇರುವುದು. ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸವನ್ನು ಪ್ರತಿಯೊಂದು ಸರ್ವರೂ ಇಟ್ಟುಕೊಳ್ಳಲೇಬೇಕೆಂಬುದು ಅಂತರ್ಜಾಲದ ನಿಯಮ. ಟಪಾಲಿನ ದೂರುಗಳು ಅಲ್ಲಿಗೆ ಬರುವುದರಿಂದ ಅದನ್ನು ಓದುವ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ಒಪ್ಪಿಸುವುದು ಅಗತ್ಯ.

ಬಂದ ಪತ್ರಗಳನ್ನು ಇಡುವ ಬಗೆಯೂ ವಿಚಾರಯೋಗ್ಯವಾಗಿದೆ. ‘ಎಂಬಾಕ್ಸ್’ ಎಂಬ ಹಳೆಯ ಕ್ರಮದಲ್ಲಿ ಒಬ್ಬರ ಎಲ್ಲ ಪತ್ರಗಳೂ ಒಂದೇ ಉದ್ದನೆಯ ಕಡತದಲ್ಲಿ ಸೇರುತ್ತವೆ. ‘ಮೇಲ್‌ಡಿರ್’ ಎಂಬ ಕ್ರಮದಲ್ಲಿ ಪ್ರತಿ ಪತ್ರಕ್ಕೂ ಒಂದೊಂದು ಕಡತ. ವಿದ್ಯುತ್ತು ನಡುವೆ ಕೈಕೊಡುವ ಊರುಗಳಲ್ಲಿ ಎರಡನೆಯದೇ ಕ್ಷೇಮಕರ. ಕೆಟ್ಟರೆ ಒಂದು ಪತ್ರ ಕೆಡಬಹುದು, ಪೆಟ್ಟಿಗೆಯೆಲ್ಲ ಕೆಡುವುದಿಲ್ಲ. ಈ ಪೆಟ್ಟಿಗೆಗಳನ್ನು ಡವ್‌ಕಾಟು ‘ಐಮ್ಯಾಪ್’ ಎಂಬ ನಿಯಮದಂತೆ ಓದುಗರ ಗಣಕಕ್ಕೂ ಮೊಬೈಲಿಗೂ ತೋರಿಸುತ್ತದೆ. ಪತ್ರವು ಸರ್ವರಿನಲ್ಲೇ ಉಳಿಯುವುದರಿಂದ ಶಿಕ್ಷಕರ ಮೊಬೈಲು ಕಳೆದರೂ ಸಂಸ್ಥೆಯ ದಾಖಲೆ ಕಳೆಯದು. ಹೊಸದಾಗಿ ಸ್ಥಾಪಿಸುವವರು ಒಂದು ವಿಷಯವನ್ನು ಗಮನಿಸಬೇಕು: 2025ರಲ್ಲಿ ಹೊರಬಂದ ಡವ್‌ಕಾಟಿನ 2.4ನೆಯ ಆವೃತ್ತಿಯು ಹಿಂದಿನ 2.3ರ ಹೊಂದಾಣಿಕೆ ಕಡತಗಳನ್ನು ಇದ್ದಂತೆಯೇ ಒಪ್ಪುವುದಿಲ್ಲ. ಹಳೆಯ ಕೈಪಿಡಿಯನ್ನು ನೋಡಿ ಸಾಲುಗಳನ್ನು ನಕಲು ಮಾಡಿದರೆ ಸೇವೆ ಆರಂಭವೇ ಆಗದಿರಬಹುದು.

ಸರದಿಯ ತಾಳ್ಮೆ

ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಗೆ, ಖಾನಾಪುರ ತಾಲೂಕಿನ ಕಾಡಿನಂಚಿನ ಊರುಗಳಲ್ಲಿ ಮಳೆಗಾಲವೆಂದರೆ ವಿದ್ಯುತ್ತು, ದೂರವಾಣಿ ಎರಡಕ್ಕೂ ಪರೀಕ್ಷೆಯ ಕಾಲ. ಸರ್ವರು ಒಂದು ದಿನ ಮಲಗಿದರೆ ಬರುವ ಪತ್ರಗಳೆಲ್ಲ ನಾಶವಾಗುವವೇ ಎಂದು ಕೇಳುವವರುಂಟು. ನಾಶವಾಗುವುದಿಲ್ಲ. ಎದುರಿನ ಯಂತ್ರ ಸಿಗದಿದ್ದರೆ ಕಳಿಸುವ ಸರ್ವರು ಪತ್ರವನ್ನು ‘ಡಿಫರ್ಡ್’ ಎಂಬ ಸರದಿಯಲ್ಲಿಟ್ಟು ಕಾಯುತ್ತದೆ. ಪೋಸ್ಟ್‌ಫಿಕ್ಸಿನ ಮೂಲ ಏರ್ಪಾಡಿನಂತೆ ಪುನಃಪ್ರಯತ್ನಗಳ ನಡುವಿನ ಅಂತರ ಕನಿಷ್ಠ 300 ಸೆಕೆಂಡು, ಗರಿಷ್ಠ 4000 ಸೆಕೆಂಡು. 5 ದಿನಗಳವರೆಗೂ ಫಲಿಸದಿದ್ದರೆ ಮಾತ್ರ ಪತ್ರವನ್ನು ಬರೆದವರಿಗೆ ಹಿಂದಿರುಗಿಸುತ್ತದೆ. ಆದುದರಿಂದ ಒಂದೆರಡು ದಿನದ ಕತ್ತಲೆಗೆ ಅಂಜಬೇಕಾದುದಿಲ್ಲ.

ಆದರೆ ಈ ತಾಳ್ಮೆಯಲ್ಲಿ ಒಂದು ಅಪಾಯವೂ ಅಡಗಿದೆ. ಪತ್ರ ತಡವಾಗಿದೆಯೆಂಬ ಸೂಚನೆಯನ್ನು ಪೋಸ್ಟ್‌ಫಿಕ್ಸ್ ತಾನಾಗಿ ಕೊಡುವುದಿಲ್ಲ. ಶಿಷ್ಯವೇತನದ ಅರ್ಜಿ ಕಳಿಸಿದ ಕಾರಕೂನರು ಅದು ಮುಟ್ಟಿತೆಂದೇ ನಂಬಿರುತ್ತಾರೆ. ಐದನೆಯ ದಿನ ಅದು ತಿರುಗಿ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ‘ಡಿಲೇ ವಾರ್ನಿಂಗ್ ಟೈಮ್’ ಎಂಬ ಸೆಟ್ಟಿಂಗನ್ನು ನಾಲ್ಕು ಗಂಟೆಗೆ ಇರಿಸಿದರೆ ಅಷ್ಟು ಹೊತ್ತಿನಲ್ಲಿ ಹೋಗದ ಪತ್ರದ ಸುದ್ದಿ ಬರೆದವರಿಗೆ ತಲುಪುವುದು. ‘ಮೇಲ್‌ಕ್ಯೂ’ ಎಂಬ ಆಜ್ಞೆಯು ಸರದಿಯಲ್ಲಿರುವ ಪತ್ರಗಳನ್ನೂ ಅವು ನಿಂತ ಕಾರಣವನ್ನೂ ತೋರಿಸುತ್ತದೆ. ಸರ್ವರಿನ ಲಾಗ್ ಕಡತವಂತೂ ಹಳೆಯ ಆವಕ-ಜಾವಕ ವಹಿಯೇ ಸರಿ. ಬಂದ, ಹೋದ, ನಿಂತ, ನಿರಾಕೃತವಾದ ಪ್ರತಿ ಪತ್ರದ ವೇಳೆಯೂ ಕಾರಣವೂ ಅದರಲ್ಲಿ ದಾಖಲಾಗಿರುತ್ತದೆ.

ಅಂಕಿತ ಮತ್ತು ಮುದ್ರೆ

ವಚನದ ಕೊನೆಯಲ್ಲಿ ಬರುವ ಅಂಕಿತವು ವಚನಕಾರರನ್ನು ಗುರುತಿಸುವ ಸಾಧನವೆಂಬುದು ಈ ಸಂಪುಟದ ವಾಚಕರಿಗೆ ಹೇಳಬೇಕಾದ ಮಾತಲ್ಲ. ಆದರೆ ಅಂಕಿತವನ್ನು ಅರಿತ ಯಾರಾದರೂ ತಮ್ಮ ರಚನೆಗೆ ಅದನ್ನು ಜೋಡಿಸಬಹುದಾಗಿತ್ತು. ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ವಿದ್ವಾಂಸರು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಇ-ಮೇಲಿನ ‘ಇಂದ’ ಎಂಬ ಸಾಲಿನ ಗತಿಯೂ ಇದೇ. ಹೆಸರನ್ನು ಯಾರಾದರೂ ಬರೆದುಕೊಳ್ಳಬಹುದು. ಇದನ್ನು ತಡೆಯಲು ಮೂರು ವ್ಯವಸ್ಥೆಗಳು ಕ್ರಮವಾಗಿ ರೂಢಿಗೆ ಬಂದಿವೆ.

‘ಎಸ್‌ಪಿಎಫ್’ ಎಂಬುದು ಮೊದಲನೆಯದು. ಸಂಸ್ಥೆಯ ಪರವಾಗಿ ಪತ್ರ ಕಳಿಸಲು ಯಾವ ಯಾವ ಸರ್ವರುಗಳಿಗೆ ಅಧಿಕಾರವಿದೆಯೆಂದು ಡಿಎನ್‌ಎಸ್ ಪಟ್ಟಿಯಲ್ಲಿ ಬರೆದಿಡುವುದೇ ಇದರ ಕ್ರಮ. ಸ್ಮಾರ್ಟ್‌ಹೋಸ್ಟ್ ಬಳಸುವವರು ಅದರ ಹೆಸರನ್ನೂ ಇಲ್ಲಿ ಸೇರಿಸಲು ಮರೆಯಬಾರದು. ‘ಡಿಕಿಮ್’ ಎಂಬುದು ಎರಡನೆಯದು. ‘ಓಪನ್‌ಡಿಕಿಮ್’ ಎಂಬ ಪ್ಯಾಕೇಜನ್ನು ಸ್ಥಾಪಿಸಿ 2048 ಬಿಟ್ಟುಗಳ ಬೀಗದ ಕೈಗಳ ಜೋಡಿಯೊಂದನ್ನು ತಯಾರಿಸಬೇಕು. ಗುಪ್ತ ಕೈಯು ಸರ್ವರಿನಲ್ಲೇ ಉಳಿದು ಪ್ರತಿ ಪತ್ರಕ್ಕೂ ಗಣಿತದ ಮುದ್ರೆಯೊತ್ತುತ್ತದೆ. ಬಹಿರಂಗ ಕೈಯನ್ನು ಡಿಎನ್‌ಎಸ್‌ನಲ್ಲಿ ಪ್ರಕಟಿಸಿದರೆ ಪಡೆದವರ ಸರ್ವರು ಅದರಿಂದ ಮುದ್ರೆಯನ್ನು ಪರೀಕ್ಷಿಸುತ್ತದೆ. ಪತ್ರದ ಒಡಲಲ್ಲಿ ಬ್ಯಾಂಕ್ ಖಾತೆಯ ಒಂದೇ ಅಂಕಿಯನ್ನು ದಾರಿಯಲ್ಲಿ ಯಾರಾದರೂ ತಿದ್ದಿದರೂ ಮುದ್ರೆ ಒಡೆದುದು ಗೊತ್ತಾಗುವುದು. ಅಂಕಿತಕ್ಕೂ ಇದಕ್ಕೂ ಇರುವ ಅಂತರವಿದು: ಅಂಕಿತವನ್ನು ನಕಲು ಮಾಡಬಹುದು, ಗುಪ್ತ ಕೈಯಿಲ್ಲದೆ ಈ ಮುದ್ರೆಯನ್ನು ಒತ್ತಲಾಗದು. ಮೂರನೆಯದಾದ ‘ಡಿಮಾರ್ಕ್’, ‘ಇಂದ’ ಎಂಬ ಸಾಲಿನ ಹೆಸರು ಇವೆರಡರೊಡನೆ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಸಂಸ್ಥೆಯೇ ಕೊಡುವ ನಿರ್ದೇಶನ. ಮೊದಲು ‘ಸುಮ್ಮನೆ ವರದಿ ಮಾಡಿ’ ಎಂದು ಆರಂಭಿಸಿ, ಕೆಲವು ವಾರ ವರದಿಗಳನ್ನು ಓದಿ, ನಿಜವಾದ ಪತ್ರಗಳೆಲ್ಲ ಸರಿಯಾಗಿ ತೇರ್ಗಡೆಯಾಗುತ್ತಿವೆಯೆಂದು ಖಾತ್ರಿಯಾದ ಮೇಲೆ ‘ಪ್ರತ್ಯೇಕಿಸಿ’, ಕೊನೆಗೆ ‘ನಿರಾಕರಿಸಿ’ ಎಂದು ಬಿಗಿಗೊಳಿಸುವುದು ವಿವೇಕದ ದಾರಿ.

2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಈ ವಿಷಯದಲ್ಲಿ ಕಠಿಣವಾಗಿವೆ. ಎಸ್‌ಪಿಎಫ್ ಅಥವಾ ಡಿಕಿಮ್ ಇವುಗಳಲ್ಲಿ ಒಂದಾದರೂ ಇರಬೇಕೆಂದು ಎಲ್ಲರಿಗೂ, ಮೂರೂ ಇರಬೇಕೆಂದು ಭಾರಿ ಪ್ರಮಾಣದಲ್ಲಿ ಪತ್ರ ಕಳಿಸುವವರಿಗೂ ಅವು ವಿಧಿಸಿವೆ. ಮಾಜಿ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಯ ಪೆಟ್ಟಿಗೆಗಳು ಅಲ್ಲಿಯೇ ಇರುವುದರಿಂದ, ಮುದ್ರೆಯಿಲ್ಲದ ಆಮಂತ್ರಣವು ಕಸದ ಬುಟ್ಟಿಗೆ ಬೀಳುವ ಸಂಭವವೇ ಹೆಚ್ಚು.

ಕನ್ನಡ ಅಕ್ಷರದ ದಾರಿ

1982ರ ನಿಯಮವು ರೂಪುಗೊಂಡಾಗ ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ 7 ಬಿಟ್ಟುಗಳ ಸಂಕೇತವಷ್ಟೇ ಲೆಕ್ಕದಲ್ಲಿತ್ತು. ಕನ್ನಡವು ಆ ದಾರಿಯಲ್ಲಿ ಸಾಗುವಂತಾದುದು 1992ರಲ್ಲಿ ಪ್ರಕಟವಾದ ‘ಮೈಮ್’ ಎಂಬ ವಿಧಾನದಿಂದ. ‘ಶರಣು’ ಎಂಬ ಪದವನ್ನೇ ತೆಗೆದುಕೊಂಡರೆ, ಯೂನಿಕೋಡಿನಲ್ಲಿ ಅದು ಮೂರು ಅಕ್ಷರ ಮತ್ತು ಒಂದು ಕೊಂಬು, ಒಟ್ಟು 4 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳಂತೆ 12 ಬೈಟು. ‘ಬೇಸ್-64’ ವಿಧಾನವು ಪ್ರತಿ 3 ಬೈಟುಗಳನ್ನು 4 ಇಂಗ್ಲಿಷ್ ಚಿಹ್ನೆಗಳಾಗಿ ಬದಲಿಸುವುದರಿಂದ ದಾರಿಯಲ್ಲಿ ಅದು 16 ಚಿಹ್ನೆಗಳ ವೇಷ ಧರಿಸಿ, ಓದುಗನ ಪರದೆಯ ಮೇಲೆ ಮತ್ತೆ ‘ಶರಣು’ ಆಗುತ್ತದೆ.

ಇದರಿಂದ ಎರಡು ಪ್ರಾಯೋಗಿಕ ಪಾಠಗಳಿವೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಒಕ್ಕಣೆಯು ಆ ಶೈಲಿಯಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದು. ಯೂನಿಕೋಡಿಗೆ ಪರಿವರ್ತಿಸಿಯೇ ಕಳಿಸತಕ್ಕದ್ದು. ಎರಡನೆಯದು, ಲಗತ್ತಿಸಿದ ಕಡತಗಳೂ ಹೀಗೆಯೇ ಮೂರನೆಯ ಒಂದು ಪಾಲಿನಷ್ಟು ಉಬ್ಬುತ್ತವೆ. ಪೋಸ್ಟ್‌ಫಿಕ್ಸಿನ ಮೂಲ ಮಿತಿ 1,02,40,000 ಬೈಟು. ಅಂದರೆ 9 ಮೆಗಾಬೈಟಿನ ವಾರ್ಷಿಕ ಸಂಪುಟವು ಮಿತಿಯೊಳಗಿದೆಯೆಂದು ಕಂಡರೂ ಉಬ್ಬಿದ ಮೇಲೆ ನಿರಾಕೃತವಾಗುತ್ತದೆ. ಇಂಥ ಸಂಪುಟವನ್ನು ಜಾಲತಾಣದಲ್ಲಿಟ್ಟು ಅದರ ವಿಳಾಸವನ್ನಷ್ಟೇ ಕಳಿಸುವುದು ಲೇಸು. ಇನ್ನು, ಇ-ಮೇಲ್ ವಿಳಾಸವನ್ನೇ ಕನ್ನಡದಲ್ಲಿ ಬರೆಯುವ ನಿಯಮವು 2012ರಲ್ಲಿ ಸಿದ್ಧವಾಯಿತು. 2015ರಲ್ಲಿ ಬಂದ ಪೋಸ್ಟ್‌ಫಿಕ್ಸಿನ 3.0 ಆವೃತ್ತಿಯಿಂದ ಅದಕ್ಕೆ ಬೆಂಬಲವಿದೆ. ಎಲ್ಲ ಸರ್ವರುಗಳೂ ಅದನ್ನು ಒಪ್ಪದಿರುವುದರಿಂದ ಇಂಗ್ಲಿಷ್ ಅಕ್ಷರದ ವಿಳಾಸವನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಅನಿವಾರ್ಯ.

ಹೊಣೆ ಯಾರದು?

ಮೇಲ್ ಸರ್ವರನ್ನು ನಿಲ್ಲಿಸುವುದು ಒಂದು ವಾರದ ಕೆಲಸ. ಅದನ್ನು ನಡೆಸುವುದು ನಿತ್ಯದ ವ್ರತ. ಭದ್ರತಾ ತಿದ್ದುಪಡಿಗಳನ್ನು ತಪ್ಪದೆ ಹಾಕಬೇಕು. ಸಂಪರ್ಕವನ್ನು ಗುಪ್ತಗೊಳಿಸುವ ಪ್ರಮಾಣಪತ್ರಗಳು ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸೇವೆಯಿಂದ ಉಚಿತವಾಗಿ ದೊರೆಯುತ್ತವೆಯಾದರೂ ಅವುಗಳ ಅವಧಿ ಚಿಕ್ಕದು. ತಾವಾಗಿ ನವೀಕೃತವಾಗುವ ಏರ್ಪಾಡು ಇರಬೇಕು. ಪತ್ರಗಳ ಪ್ರತಿಯನ್ನು ಬೇರೊಂದು ಕಟ್ಟಡದಲ್ಲಿ ಇಡಬೇಕು. ಆ ಪ್ರತಿಯಿಂದ ಪತ್ರಗಳು ನಿಜವಾಗಿಯೂ ಮರಳಿ ಬರುತ್ತವೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಇಷ್ಟನ್ನು ನೋಡಿಕೊಳ್ಳುವ ಕನಿಷ್ಠ ಇಬ್ಬರು ಸಂಸ್ಥೆಯಲ್ಲಿರಬೇಕು. ಒಬ್ಬರೇ ಇದ್ದರೆ, ಉಚಿತ ಪೆಟ್ಟಿಗೆಯ ಕಾಲದ ಅದೇ ಪರಾಧೀನತೆ ಬೇರೆ ರೂಪದಲ್ಲಿ ಮರಳಿ ಬರುವುದು.

ಈ ಹೊಣೆಯನ್ನು ಹೊರಲಾರದ ಶಾಲೆಗಳು ಟಪಾಲಿನ ಸೇವೆಯನ್ನು ಹೊರಗಿನವರಿಂದ ಪಡೆಯುವುದರಲ್ಲಿ ಅವಮಾನವೇನೂ ಇಲ್ಲ. ಆಗಲೂ ಮೂರು ಸಂಗತಿಗಳನ್ನು ಕೈಬಿಡಲಾಗದು. ಜಾಲನಾಮವು ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿರಬೇಕು. ಎಸಿ ಡಾಟ್ ಇನ್, ಇಡಿಯು ಡಾಟ್ ಇನ್ ಎಂಬ ಶೈಕ್ಷಣಿಕ ನಾಮಗಳನ್ನು ಅರ್ಹ ಸಂಸ್ಥೆಗಳಿಗೆ ಅರ್ನೆಟ್ ಇಂಡಿಯಾ ನೋಂದಾಯಿಸಿಕೊಡುತ್ತದೆ. ವಿಳಾಸಗಳು ಹುದ್ದೆಯ ಹೆಸರಿನಲ್ಲಿರಬೇಕು. ಪತ್ರಗಳ ಪ್ರತಿಯು ಸಂಸ್ಥೆಯ ವಶದಲ್ಲಿರಬೇಕು. ಈ ಮೂರು ಕೈಯಲ್ಲಿದ್ದರೆ, ಎಂಎಕ್ಸ್ ದಾಖಲೆಯ ಒಂದು ಸಾಲನ್ನು ಬದಲಿಸಿ ಎಂದು ಬೇಕಾದರೂ ಟಪಾಲನ್ನು ತನ್ನ ಸ್ವಂತ ಯಂತ್ರಕ್ಕೆ ತಂದುಕೊಳ್ಳಬಹುದು.

ದಾನಿಯು ದೇಣಿಗೆ ಕೊಡುವುದು ವ್ಯಕ್ತಿಗಲ್ಲ, ಸಂಸ್ಥೆಗೆ. ಮಾಜಿ ವಿದ್ಯಾರ್ಥಿಯು ನೆನೆಯುವುದು ಒಬ್ಬ ಗುರುವನ್ನಾದರೂ ಬರೆಯುವುದು ಶಾಲೆಗೆ. ಅವರು ಬರೆದುದು ತಲುಪಬೇಕು, ಶಾಲೆ ಬರೆದುದು ಶಾಲೆಯದೇ ಎಂದು ಅವರಿಗೆ ನಿಶ್ಚಯವಾಗಬೇಕು, ಅವೆರಡೂ ಮುಂದಿನ ತಲೆಮಾರಿಗೆ ಉಳಿಯಬೇಕು. ಆವಕ-ಜಾವಕ ವಹಿಯನ್ನು ಅಷ್ಟು ಕಾಲ ಜತನದಿಂದ ಕಾಪಾಡಿದ ಸಂಸ್ಥೆಗಳಿಗೆ ಈ ಹೊಸ ವಹಿಯನ್ನು ಕಾಪಾಡುವುದು ಅಸಾಧ್ಯವಾದುದೇನಲ್ಲ.